ಪೆತಾಳ ಹೆಸರಿನ ದಾರಿ

ಸೆಪ್ಟೆಂಬರ್ 21, ಶನಿವಾರ

ಇದು ಪೆತಾಳ ಅಳತೆ ಪುಸ್ತಕ. ಮೊದಲ ಅರವತ್ತು ಪುಟಗಳ ತುಂಬ ಸೊಂಟ, ತೋಳು, ಭುಜದ ಅಂಕಿಗಳು. ಊರಿನ ಅರ್ಧ ಮಕ್ಕಳ ಸಮವಸ್ತ್ರ ಇದರೊಳಗಿದೆ. ಕೊನೆಯ ಅಳತೆ ಆಗಸ್ಟ್ 30ರದು: ‘ಡಿವಿನಾಳ ಮಗಳು, ಸೊಂಟ 24, ಬೆಳೆಯುವ ಹುಡುಗಿ, ಒಳಮಡಿಕೆ ಜಾಸ್ತಿ ಬಿಡು.’ ಆಮೇಲಿನ ಹಾಳೆಗಳು ಖಾಲಿ. ಬೇರೆ ಪುಸ್ತಕ ತರಲು ಅಂಗಡಿಗೆ ಹೋದರೆ ಜನ ಮಾತಾಡಿಸುತ್ತಾರೆ. ಅದಕ್ಕೇ ಇದರಲ್ಲಿ ಬರೆಯುತ್ತಿದ್ದೇನೆ. ನಲವತ್ತು ವರ್ಷ ಸಂಸಾರ ಮಾಡಿದ ಮೇಲೆ ಅವಳ ಪುಸ್ತಕದಲ್ಲಿ ಬರೆಯಲು ಅಪ್ಪಣೆ ಬೇಕಿಲ್ಲ, ಅಲ್ಲವೇ.

ನಿನ್ನೆ ಅವಳನ್ನು ಮಣ್ಣು ಮಾಡಿ ಬಂದೆವು. ಬಂದೆವು ಎಂದರೆ ನೇರ ಮನೆಗಲ್ಲ. ಸ್ಮಶಾನದಿಂದ ನೇರ ಮನೆಗೆ ಬಂದರೆ ಸತ್ತವರು ಹಿಂದೆಯೇ ಬರುತ್ತಾರೆ. ನಡುವೆ ಎಲ್ಲಾದರೂ ನಿಂತು, ಮೈ ಕೊಡವಿಕೊಂಡು, ಬೇರೆ ದಾರಿ ಹಿಡಿಯಬೇಕು. ನಮ್ಮಲ್ಲಿ ಯಾರೂ ಇದನ್ನು ಹೇಳಿಕೊಡುವುದಿಲ್ಲ, ಕಾಲಿಗೇ ಗೊತ್ತಿರುತ್ತದೆ. ಎಲ್ಲರೂ ಫ್ಲೊರಿಂಡಾಳ ಬೇಕರಿಯಲ್ಲಿ ನಿಂತೆವು. ಇಪ್ಪತ್ತು ಜನ ಕಪ್ಪು ಬಟ್ಟೆಯವರು ಬಿಸಿ ಬನ್ನು ಹಿಡಿದು ನಿಂತಿದ್ದೆವು. ನಾನೂ ಒಂದು ತಿಂದೆ. ರುಚಿಯಾಗಿತ್ತು. ರುಚಿಯಾಗಿತ್ತೆಂದು ನಾಚಿಕೆಯಾಯಿತು.

ಹೆಣ ಮನೆಯಲ್ಲಿದ್ದ ಆರು ದಿನಗಳಲ್ಲಿ ನಾನು ನೆಟ್ಟಗೆ ಮಾಡಿದ್ದು ಒಂದೇ ಕೆಲಸ. ಪೆತಾಳ ಅಕ್ಕ ಸಲೋಮೆ ಆಚೆ ದ್ವೀಪದಲ್ಲಿ ಸೊಂಟದ ಮೂಳೆ ಮುರಿದು ಮಲಗಿದ್ದಾಳೆ, ದೋಣಿ ಹತ್ತಲಾರಳು. ತಂಗಿಯ ಮುಖ ನೋಡಬೇಕೆಂದು ಫೋನಿನಲ್ಲಿ ಅತ್ತಳು. ಪೆಟ್ಟಿಗೆಯ ತಲೆಯ ಕಡೆ ಒಂದು ಕ್ಯಾಮೆರಾ ಇಟ್ಟು ಚಿತ್ರವನ್ನು, ನಾನು ನೆಟ್‌ವರ್ಕ್ ನೋಡಿಕೊಳ್ಳುವ ಕಾಲೇಜಿನ ಸ್ಟುಡಿಯೋ ಯಂತ್ರಕ್ಕೂ ಅಲ್ಲಿಂದ ದ್ವೀಪದ ಶಾಖೆಗೂ ಕಳಿಸಿದೆ. ಸಲೋಮೆಯ ಮನೆ ಶಾಖೆಯ ಗೋಡೆಗೆ ಅಂಟಿಕೊಂಡೇ ಇದೆ. ಅಲ್ಲಿಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಬೆರ್ತಾ ಟ್ಯಾಬ್ಲೆಟ್ ಹಿಡಿದು ಅವಳ ಹಾಸಿಗೆಯ ಪಕ್ಕ ಕುಳಿತಳು. ಆದರೆ ಪರೀಕ್ಷೆಯ ವಾರ. ಸಮುದ್ರದಡಿಯ ಕೇಬಲ್ ಕಿಕ್ಕಿರಿದಿತ್ತು, ಚಿತ್ರ ತಡವರಿಸುತ್ತಿತ್ತು. ಪೆತಾಳ ಮುಖ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. ಗುಡ್ಡದ ಮೇಲೆ ಹಳೆಯ ಡಿಶ್ ಇದೆಯಲ್ಲ, ಗಾಳಿಯಲ್ಲಿ ದ್ವೀಪಕ್ಕೆ ಮಾತಾಡುವಂಥದ್ದು, ಯಾರೂ ಬಳಸದ್ದು. ನಮ್ಮ ತುದಿಯಲ್ಲಿ ದಾರಿ ಹೇಳುವ ರೂಟರಿಗೆ ಆ ದಾರಿಯಲ್ಲಿ ಹೋಗೆಂದು ಬರೆದೆ. ಆಚೆ ತುದಿಯದಕ್ಕೆ ಇಲ್ಲಿಂದ ಕೈ ಹಾಕುವಂತಿಲ್ಲ, ಕಳೆದ ವರ್ಷದ ತಪಾಸಣೆಯವರು ಮಾಡಿಟ್ಟ ಕಟ್ಟುಪಾಡು. ಬೆರ್ತಾಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ ಬರೆಸಿದೆ: ಸ್ಟುಡಿಯೋ ಯಂತ್ರವನ್ನು ತಲುಪಬೇಕಾದರೆ ಕೇಬಲಿನಿಂದ ಬೇಡ, ಡಿಶ್ಶಿನಿಂದ ಹೋಗು.

“ದಾರಿಗೆ ಒಂದು ಹೆಸರು ಕೊಡಬಹುದು ಅಂತಿದೆ ನೊಂಗ್. ಏನು ಹಾಕ್ಲಿ?” ಎಂದಳು. ನನ್ನನ್ನು ಅವಳು ಕರೆಯುವುದೇ ನೊಂಗ್, ಅಣ್ಣ ಎಂದು.

“ಪೆತಾ ಅಂತ ಹಾಕು.”

ಆಮೇಲೆ ಚಿತ್ರ ಒಂದು ಸಲವೂ ನಿಲ್ಲಲಿಲ್ಲ. ಸಲೋಮೆ ಮೂರು ದಿನ ಕಣ್ಣು ತುಂಬ ನೋಡಿದಳಂತೆ. ಓದಿದ ವಿದ್ಯೆಯಿಂದ ಹೆಂಡತಿಗೆ ನಾನು ಮಾಡಿದ ಉಪಕಾರ ಇಷ್ಟೇ.


ಸೆಪ್ಟೆಂಬರ್ 25, ಬುಧವಾರ

ಕೆಲಸಕ್ಕೆ ಹೋದೆ. ಎಲ್ಲರೂ ಕುರ್ಚಿಯಿಂದ ಎದ್ದು ನಿಂತರು, ಮಂತ್ರಿ ಬಂದ ಹಾಗೆ. ಮೊದಲು ಮಾಡಿದ ಕೆಲಸ, ನಮ್ಮ ತುದಿಯಲ್ಲಿ ಬರೆದಿದ್ದ ಆ ಡಿಶ್ ದಾರಿಯನ್ನು ಅಳಿಸಿದ್ದು. ಇನ್ನು ಅದು ಬೇಕಿಲ್ಲವಲ್ಲ. ಆಚೆ ತುದಿಯದನ್ನೂ ತೆಗೆಯಲು ಬೆರ್ತಾಗೆ ಹೇಳಬೇಕು.

ಮನೆಯಲ್ಲಿ ಗುಡಿಸಿಲ್ಲ. ಹೆಣ ಮನೆಯಲ್ಲಿರುವಾಗ ಪೊರಕೆ ಮುಟ್ಟಬಾರದು, ಸರಿ. ಈಗ ಮುಟ್ಟಬಹುದು. ಹೊಲಿಗೆ ಯಂತ್ರದ ಕೆಳಗೆ ದಾರದ ತುಂಡುಗಳು, ಗುಂಡುಸೂಜಿಗಳು, ಸೀಮೆಸುಣ್ಣದ ಪುಡಿ. ಯಂತ್ರದ ಮೇಲೆ ಡಿವಿನಾಳ ಮಗಳ ಲಂಗ, ಮಡಿಕೆ ಅರ್ಧ ಹೊಲಿದದ್ದು, ಸೂಜಿ ಇನ್ನೂ ಬಟ್ಟೆಯಲ್ಲೇ ಚುಚ್ಚಿಕೊಂಡಿದೆ. ಪೊರಕೆ ಹಿಡಿದು ನಿಂತೆ. ಮತ್ತೆ ಮೂಲೆಗೆ ಇಟ್ಟೆ.

ಇವತ್ತೂ ಬೇಕರಿಯ ಮೇಲೆ ಸುತ್ತಿ ಬಂದೆ. ಯಾಕೋ.


ಅಕ್ಟೋಬರ್ 2, ಬುಧವಾರ

ದಾದಿ ಪರೀಕ್ಷೆಯ ತಯಾರಿ ಪಾಠಗಳು ಇವತ್ತು ಶುರು. ಇಲ್ಲಿಯ ಸ್ಟುಡಿಯೋದಲ್ಲಿ ಪಾಠ, ಇಲ್ಲಿಯ ಮೂರು ಸಭಾಂಗಣಗಳಲ್ಲೂ ದ್ವೀಪದ ಶಾಖೆಯಲ್ಲೂ ಅದೇ ಹೊತ್ತಿಗೆ ಪರದೆಯ ಮೇಲೆ. ಮಲ್ಟಿಕಾಸ್ಟ್. ಒಬ್ಬೊಬ್ಬರಿಗೆ ಬೇರೆ ಬೇರೆ ಕಳಿಸುವುದಿಲ್ಲ. ಒಂದೇ ಸಲ ಕಳಿಸಿದ್ದು, ದಾರಿ ಕವಲೊಡೆದಲ್ಲಿ ಮಾತ್ರ ನಕಲಾಗಿ, ಕೇಳಿದವರಿಗಷ್ಟೇ ಹೋಗಿ ಮುಟ್ಟುತ್ತದೆ. ಕಳೆದ ವರ್ಷವೆಲ್ಲ ಚೆನ್ನಾಗಿತ್ತು. ಇವತ್ತು ಇಲ್ಲಿ ಮೂರೂ ಕಡೆ ಚಿತ್ರ ಬಂತು. ದ್ವೀಪದಲ್ಲಿ ಮಾತ್ರ ಪರದೆ ಕಪ್ಪಗೆ.

ಎಂಟು ಗಂಟೆಗೆ ಬೆರ್ತಾ ಫೋನು.

“ನೊಂಗ್, ಅರವತ್ತೆರಡು ಹುಡುಗೀರು ಕಪ್ಪು ಪರದೆ ನೋಡ್ಕೊಂಡು ಕೂತಿದಾರೆ. ಒಬ್ಬಳು ಅದರಲ್ಲೇ ಮುಖ ನೋಡ್ಕೊಂಡು ತಲೆ ಬಾಚ್ಕೋತಿದಾಳೆ.”

“ಪಿಂಗ್ ಮಾಡು.”

“ಮಾಡ್ದೆ. ಸ್ಟುಡಿಯೋ ಉತ್ತರ ಕೊಡ್ತಿದೆ. ಒಂದೂ ತಪ್ಪಿಲ್ಲ.”

ಕೂಗಿದರೆ ಓಗೊಡುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. 1977ರಲ್ಲಿ ತರ್ಕಶಾಸ್ತ್ರದ ಮೇಷ್ಟ್ರು ಹೇಳಿಕೊಟ್ಟ ಒಂದು ಇಂಗ್ಲಿಷ್ ಮಾತಿದೆ, ಇಂಥದ್ದಕ್ಕೇ ಹೇಳಿ ಮಾಡಿಸಿದ್ದು. ‘ನೆಸೆಸರಿ ಬಟ್ ನಾಟ್...’ ಕೊನೆಯ ಪದ ನೆನಪಾಗುತ್ತಿಲ್ಲ. ಪೆತಾ ಇದ್ದಿದ್ದರೆ ಹೇಳುತ್ತಿದ್ದಳು. ಕಾಲೇಜಿಗೆ ಹೋದವನು ನಾನು, ಪದ ನೆನಪಿಡುವವಳು ಅವಳು.


ಅಕ್ಟೋಬರ್ 4, ಶುಕ್ರವಾರ

ಎರಡು ದಿನದಿಂದ ಇದೇ. ಈ ತುದಿಯಲ್ಲಿ ಎಲ್ಲ ಸರಿ. ದ್ವೀಪದ ರೂಟರು ಈ ಪಾಠ ನನಗೆ ಬೇಕೆಂದು ಕೇಳಿದೆ, ನಮ್ಮದು ಕೇಬಲಿನಲ್ಲಿ ಕಳಿಸುತ್ತಿದೆ. ಆಚೆ ದಡದಲ್ಲಿ ಕೇಬಲ್ ಬಾಗಿಲಿನಲ್ಲಿ ಎಣಿಸಿದರೆ ಪಾಠದ ತುಣುಕುಗಳು, ಪ್ಯಾಕೆಟ್ಟುಗಳು, ಬರುತ್ತಲೂ ಇವೆ. ಬಾಗಿಲವರೆಗೆ ಬರುತ್ತವೆ, ಒಳಗೆ ಹೋಗುವುದಿಲ್ಲ.

ಬೆರ್ತಾಗೆ ಹೇಳಿದೆ, ರೂಟರಿನಲ್ಲಿ ಬರೆದಿರುವುದೆಲ್ಲ ಸಾಲಾಗಿ ಓದು ಎಂದು. ಓದಿದಳು. ಅವಳು ಓದುವುದು ಜಪಮಾಲೆ ಹೇಳಿದ ಹಾಗೆ, ಒಂದೇ ರಾಗ. ನಡುವೆ ನಿಂತಳು.

“ಮುಂದೆ?”

“...”

“ಬೆರ್ತಾ, ಲೈನಿನಲ್ಲಿದ್ದೀಯಾ?”

“ಇದೀನಿ ನೊಂಗ್. ಮುಂದೆ ಏನಿಲ್ಲ. ಪಾಸ್‌ವರ್ಡ್ ಸಾಲುಗಳಷ್ಟೇ.” ಆಮೇಲೆ ಬೇರೆಯದೇ ದನಿಯಲ್ಲಿ, “ನಲವತ್ತನೇ ದಿನದ ಪ್ರಾರ್ಥನೆ ಯಾವತ್ತು?”

“ಇಪ್ಪತ್ತಮೂರಕ್ಕೆ.”

“ಇನ್ನೂ ಹತ್ತೊಂಬತ್ತು ದಿನ” ಎಂದಳು, ತನಗೇ ಹೇಳಿಕೊಂಡಂತೆ. “ಹುಡುಗೀರ ಯೋಚನೆ ಬಿಡಿ. ಪಾಠ ಡಿಸ್ಕಿಗೆ ಹಾಕಿಡಿ. ಸಂಜೆ ದೋಣಿಗೆ ಬಂದು ನಾನೇ ತಗೊಂಡು ಹೋಗ್ತೀನಿ. ಒಂದು ದಿನ ತಡ, ಅಷ್ಟೇ ತಾನೆ?”

ಬಂದಳು ಕೂಡ. ಪ್ಲಾಸ್ಟಿಕ್ಕಿನಲ್ಲಿ ಡಿಸ್ಕು ಸುತ್ತಿ, ರವಿಕೆಯೊಳಗಿಟ್ಟುಕೊಂಡು, ಐದೂವರೆಯ ಕೊನೆಯ ಪಂಪ್‌ಬೋಟಿಗೆ ಓಡಿದಳು. ನಲವತ್ತಾರು ವಯಸ್ಸು, ಮಂಡಿ ನೋವು ಬೇರೆ. ನನ್ನ ಮುಖ ನೋಡಿ ಮಾತಾಡಲಿಲ್ಲ.

ಬೇಕರಿಯ ಮೇಲೆ ಬಂದೆ.


ಅಕ್ಟೋಬರ್ 8, ಮಂಗಳವಾರ

ನಿರ್ದೇಶಕ ಡಾಕ್ಟರ್ ವಿಯಾರೆಲ್ ಕರೆಸಿದ್ದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಕೂರಿಸಿ ಮೊದಲು ಪೆತಾಳ ಬಗ್ಗೆ ಎರಡು ಮಾತು, ನಂತರ ಕೆಲಸ.

“ನೊಂಗ್ ದುಲೊ, ನಿಮ್ಮನ್ನ ದೂರುತಾ ಇಲ್ಲ. ಈ ಪರಿಸ್ಥಿತೀಲಿ ನೀವು ಕೆಲಸಕ್ಕೆ ಬರ್ತಿರೋದೇ ದೊಡ್ಡದು. ಆದ್ರೆ ಹಾಳಾಗಿರೋದು ಆಚೆ ತುದೀಲಿ ಅಂತೀರಿ. ಆಚೆ ತುದೀಲಿ ಇರೋಳು ಒಬ್ಬಳೇ.”

ಬೆರ್ತಾಳದು ಆರಾರು ತಿಂಗಳ ನೇಮಕ. ಹದಿನಾಲ್ಕು ವರ್ಷದಲ್ಲಿ ಇಪ್ಪತ್ತೆಂಟು ನೇಮಕಪತ್ರ. ಇಪ್ಪತ್ತೊಂಬತ್ತನೆಯದು ಈ ತಿಂಗಳ ಮೂವತ್ತೊಂದಕ್ಕೆ ಸಹಿಯಾಗಬೇಕು. ವಿಯಾರೆಲ್ ಪೆನ್ನು ಮುಚ್ಚಿ ತೆರೆದು ಮಾಡಿದರು. “ತಪ್ಪು ಅವಳದ್ದಾದ್ರೆ ನಾನು ಸಹಿ ಹಾಕಕ್ಕಾಗಲ್ಲ. ಅವಳದ್ದಲ್ಲ ಅಂತ ನೀವು ತೋರಿಸಿದ್ರೆ ಕಣ್ಣು ಮುಚ್ಚಿ ಹಾಕ್ತೀನಿ.”

ತೋರಿಸುತ್ತೇನೆ ಎಂದು ಬಂದೆ. ತೋರಿಸಲೇಬೇಕು. ಆರು ದಿನ ಸಲೋಮೆಯ ಪಕ್ಕ ಕೂತು ಟ್ಯಾಬ್ಲೆಟ್ ಹಿಡಿದ ಕೈ ಅದು.


ಅಕ್ಟೋಬರ್ 11, ಶುಕ್ರವಾರ

ತಂತಿ ಬದಲಿಸಿದೆವು. ಏನೂ ಇಲ್ಲ.


ಅಕ್ಟೋಬರ್ 15, ಮಂಗಳವಾರ

ಏನೂ ಇಲ್ಲ. ಅನ್ನ ತಳ ಹಿಡಿಯಿತು.


ಅಕ್ಟೋಬರ್ 17, ಗುರುವಾರ

ಸಿಕ್ಕಿತು. ಸಿಕ್ಕಿದ್ದು ಬೇಕರಿಯಲ್ಲಿ, ಯಾರಿಗೆ ಹೇಳಿದರೂ ನಗುತ್ತಾರೆ.

ಫ್ಲೊರಿಂಡಾ ಇವತ್ತು ಬನ್ನು ಕಟ್ಟಿಕೊಡದೆ, ಗಲ್ಲಾಪೆಟ್ಟಿಗೆಯ ಮೇಲೆ ಮೊಣಕೈ ಊರಿ ಕೇಳಿದಳು. “ದುಲೊ, ನಿನ್ನ ಕಾಲೇಜು ಆ ಕಡೆ, ನಿನ್ನ ಮನೆ ಈ ಕಡೆ. ನನ್ನಂಗಡಿ ಎರಡರ ನಡುವೆಯೂ ಇಲ್ಲ. ದಿನಾ ಸುತ್ತು ಹಾಕ್ಕೊಂಡು ಬರ್ತೀಯ. ನನ್ನ ಮೇಲೇನಾದ್ರೂ ಕಣ್ಣಾ?”

“ಎಪ್ಪತ್ತರ ಮುದುಕಿ ಮೇಲೆ?”

“ಅರವತ್ತೆಂಟು! ಬಾಯಿ ಬಿಗಿ ಹಿಡಿದು ಮಾತಾಡು.” ಮತ್ತೆ ಮೆತ್ತಗೆ, “ಮೈ ಕೊಡವೋದು ಒಂದು ಸಲಕ್ಕೆ ಸಾಕು ಕಣೋ. ತಿಂಗಳುಗಟ್ಟಲೆ ಹೀಗೆ ಸುತ್ತಿಸಿದ್ರೆ ಸತ್ತೋಳಿಗೆ ಸುಸ್ತಾಗಲ್ವಾ? ನೇರ ಹೋಗು. ಹಿಂದೆ ಬಂದ್ರೆ ಬರ್ಲಿ, ನಿನ್ನ ಹೆಂಡ್ತಿ ತಾನೆ.”

“ಬರಬಾರದು ಅಂತಲ್ಲ ಫ್ಲೊರಿಂಡಾ.”

“ಮತ್ತೆ?”

ಹೇಳಬಾರದಿತ್ತು, ಹೇಳಿಬಿಟ್ಟೆ. “ನೇರ ಹೋಗಿ ಬಾಗಿಲು ತೆಗೆದಾಗ ಅವಳು ಬಂದಿರದಿದ್ರೆ? ಸುತ್ತು ಹಾಕಿದ್ರೆ, ದಾರಿ ತಪ್ಪಿತು ಅಂತಾದ್ರೂ ಅಂದ್ಕೋಬಹುದು.”

ಅವಳು ಬನ್ನು ಎರಡು ಹೆಚ್ಚಿಗೆ ಹಾಕಿದಳು.

ಅಲ್ಲಿಂದ ಹೊರಟವನು ಔಷಧಿ ಅಂಗಡಿಯ ಮುಂದೆ ನಿಂತುಬಿಟ್ಟೆ. ದಾರಿ. ಬಂದ ದಾರಿ. ರೂಟರಿಗೂ ಇಂಥದೇ ಒಂದು ಪರೀಕ್ಷೆ ಇದೆಯಲ್ಲ! ಇಪ್ಪತ್ತು ವರ್ಷದ ಹಿಂದೆ ತರಬೇತಿಯಲ್ಲಿ ಹೇಳಿದ್ದರು, ‘ರಿವರ್ಸ್ ಪಾತ್’, ಮುಂದೆ ಏನೋ ಒಂದು ಪದ. ಮಲ್ಟಿಕಾಸ್ಟ್ ಬಾಗಿಲಿಗೆ ಬಂದಾಗ ರೂಟರು ಎಲ್ಲಿಗೆ ಹೋಗಬೇಕೆಂದು ಮೊದಲು ಕೇಳುವುದಿಲ್ಲ. ನಿನ್ನನ್ನು ಕಳಿಸಿದವರು ಯಾರು ಎಂದು ಕೇಳುತ್ತದೆ. ಆಮೇಲೆ ತನ್ನನ್ನೇ ಕೇಳಿಕೊಳ್ಳುತ್ತದೆ: ಅವರ ಮನೆಗೆ ನಾನು ಹೋಗುವುದಾದರೆ ಯಾವ ಬಾಗಿಲಿಂದ ಹೋಗುತ್ತೇನೆ? ಅದೇ ಬಾಗಿಲಿಂದ ಬಂದಿದ್ದರೆ ಒಳಗೆ. ಬೇರೆ ಬಾಗಿಲಿಂದ ಬಂದಿದ್ದರೆ, ಎಷ್ಟೇ ಸಾಚಾ ಆಗಿರಲಿ, ಅಲ್ಲೇ ಬಿಸಾಡುತ್ತದೆ. ಪಿಂಗಿಗೆ ಈ ಹಂಗಿಲ್ಲ. ಅದು ಒಂದು ದಾರಿಯಲ್ಲಿ ಹೋಗಿ ಇನ್ನೊಂದರಲ್ಲಿ ಬಂದರೂ ನಡೆಯುತ್ತದೆ.

ಅಂದರೆ ಪಾಠ ಬರುತ್ತಿರುವುದು ಕೇಬಲಿನಲ್ಲಿ. ದ್ವೀಪದ ರೂಟರು ಮಾತ್ರ ಸ್ಟುಡಿಯೋ ಇರುವುದು ಇನ್ನಾವುದೋ ಬಾಗಿಲ ಕಡೆ ಎಂದು ನಂಬಿದೆ. ಯಾರೋ ಹಾಗೆ ಬರೆದಿದ್ದಾರೆ. ಯಾರು? ಬೆರ್ತಾಗೆ ತಿಳಿಯದೆ ಯಾರೋ ಕೈಯಾಡಿಸಿರಬೇಕು. ಹೊರಗಿನವರ ಕೈವಾಡವಾದರೆ ಅವಳು ಬಚಾವಾದಳು. ನಾಳೆ ಬೆಳಿಗ್ಗೆಯೇ ವಿಯಾರೆಲ್‌ಗೆ ಹೇಳಿ ದಾಖಲೆ ತೆಗೆಸುತ್ತೇನೆ. ಯಾರು, ಯಾವತ್ತು, ಏನು ಬರೆದರು ಎಲ್ಲ ಅದರಲ್ಲಿ ಸಿಗುತ್ತದೆ.

ತಿಂಗಳ ಮೇಲೆ ಇವತ್ತು ಹಸಿವಾಯಿತು.


ಅಕ್ಟೋಬರ್ 18, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ಬೆರ್ತಾಳನ್ನೂ ಕರೆಸಿದ್ದರು. ಹದಿನಾಲ್ಕು ವರ್ಷದಿಂದ ನೊಂಗ್ ಎಂದು ಕರೆಯುತ್ತ ಬಂದವಳು, ನಿರ್ದೇಶಕರ ಕೋಣೆಯಲ್ಲಿ ನನಗೆ “ಗುಡ್ ಮಾರ್ನಿಂಗ್ ಸರ್” ಎಂದಳು. ನಾನು ಹುರುಪಿನಲ್ಲಿದ್ದೆ. ಹಲಗೆಯ ಮೇಲೆ ಎರಡು ದಾರಿ ಬರೆದು ತೋರಿಸಿದೆ. ಯಾರೋ ಅಡ್ಡದಾರಿ ಬರೆದಿದ್ದಾರೆ, ದಾಖಲೆ ನೋಡಿ, ಯಾರೆಂದು ಗೊತ್ತಾಗುತ್ತದೆ ಎಂದೆ. ವಿಯಾರೆಲ್ ಆಗಲೇ ಹಾಳೆ ತರಿಸಿಕೊಂಡಿದ್ದರು. ಕನ್ನಡಕ ಏರಿಸಿ ಓದಿದರು.

“ದ್ವೀಪದ ರೂಟರು. ಕೊನೇ ಬದಲಾವಣೆ ಸೆಪ್ಟೆಂಬರ್ ಹದಿನಾರು. ಮಧ್ಯಾಹ್ನ ಮೂರು ನಲವತ್ತು. ಮಾಡಿದವರು, ನೋರ್ಬೆರ್ತಾ.” ಹಾಳೆ ಕೆಳಗಿಟ್ಟರು. “ಆಮೇಲೆ ಯಾರೂ ಮುಟ್ಟಿಲ್ಲ. ಬೆರ್ತಾ, ಇದೇನಮ್ಮ?”

ಸೆಪ್ಟೆಂಬರ್ ಹದಿನಾರು.

ಹದಿನಾರಕ್ಕೆ ಪೆತಾ ಮನೆಯ ನಡುವೆ ಪೆಟ್ಟಿಗೆಯಲ್ಲಿದ್ದಳು. ಮೂರು ನಲವತ್ತಕ್ಕೆ ನಾನು ಅವಳ ತಲೆಯ ಬಳಿ ಮೊಣಕಾಲೂರಿ, ಫೋನನ್ನು ಕಿವಿಗೆ ಒತ್ತಿಕೊಂಡು, ಒಂದೊಂದೇ ಅಕ್ಷರ ಹೇಳುತ್ತಿದ್ದೆ.

ಬೆರ್ತಾ ನನ್ನ ಕಡೆ ನೋಡಲೂ ಇಲ್ಲ. ನೆಲ ನೋಡಿದಳು. “ನನ್ನಿಂದ ಆಗಿರ್ಬಹುದು ಸರ್” ಎಂದಳು.

ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡಬೇಕೆಂದುಕೊಂಡೆ, ಬಿಡಲಿಲ್ಲ. ಸೀಮೆಸುಣ್ಣ ಕೈಯಲ್ಲೇ ಇತ್ತು. ವಿಯಾರೆಲ್ ಸೋಮವಾರ ಬರೆದು ಕೊಡಿ ಎಂದು ನನಗೆ ಹೇಳಿದರು. ಆಗಲಿ ಎಂದೆ. ಬೆರ್ತಾ ದೋಣಿಗೆ ಹೋದಳು. ಡಿಸ್ಕು ಕೇಳಿ ತೆಗೆದುಕೊಂಡೇ ಹೋದಳು.


ಅಕ್ಟೋಬರ್ 19, ಶನಿವಾರ

ನನಗೂ ಮುಂದಿನ ವರ್ಷದ ಮುಂದುವರಿಕೆ ವಿಯಾರೆಲ್ ಕೈಯಲ್ಲೇ ಇದೆ. ಅರವತ್ತಮೂರಾಯಿತು. ಕೆಲಸವಿಲ್ಲದಿದ್ದರೆ ದಿನವಿಡೀ ಈ ಮನೆ.


ಅಕ್ಟೋಬರ್ 20, ಭಾನುವಾರ

ಪೂಜೆಗೆ ಹೋದೆ. ಪಾದ್ರಿ ಏನು ಹೇಳಿದರೋ ತಿಳಿಯದು. ಹಿಂದಿನ ಪುಟಗಳನ್ನು ಓದಿದೆ. ಸೆಪ್ಟೆಂಬರ್ 25: ‘ಬೆರ್ತಾಗೆ ಹೇಳಬೇಕು.’ ನನ್ನದೇ ಅಕ್ಷರ, ದುಂಡಗೆ. ಹೇಳಲಿಲ್ಲ.


ಅಕ್ಟೋಬರ್ 21, ಸೋಮವಾರ

ಆರೂವರೆಯ ಮೊದಲ ದೋಣಿಗೆ ದ್ವೀಪಕ್ಕೆ ಹೋದೆ. ಬೆರ್ತಾ ಕೋಣೆಯ ಬಾಗಿಲಲ್ಲಿ ಒಣಮೀನು ಅನ್ನ ತಿನ್ನುತ್ತಿದ್ದಳು. ನನ್ನನ್ನು ಕಂಡು ತಟ್ಟೆ ಹಿಂದೆ ಸರಿಸಿದಳು.

“ನೊಂಗ್! ತಿಂಡಿ ಆಯ್ತಾ? ಕೂತ್ಕೊಳ್ಳಿ, ತಿನ್ನಿ.”

“ನಿನಗೆ ಯಾವಾಗ ಗೊತ್ತಾಯ್ತು?”

ಅವಳು ಕೈ ತೊಳೆದುಕೊಂಡಳು. ನಿಧಾನಕ್ಕೆ ತೊಳೆದುಕೊಂಡಳು.

“ನೀವು ಓದು ಅಂದ್ರಲ್ಲ, ಅವತ್ತು. ಓದ್ತಾ ಓದ್ತಾ ಆ ಸಾಲಿಗೆ ಬಂದೆ. ಕೊನೇಲಿ ಅವರ ಹೆಸರು.”

“ಮತ್ತೆ ಯಾಕೆ ಹೇಳ್ಲಿಲ್ಲ? ಒಂದು ಸಾಲು ಬೆರ್ತಾ! ಅಳಿಸಿದ್ರೆ ಮುಗೀತಿತ್ತು.”

“ಹೇಗೆ ಅಳಿಸ್ಲಿ? ಅವರ ಹೆಸರು ಅದು. ನಲವತ್ತು ದಿನ ಆಗಿಲ್ಲ. ಅವರು ಇನ್ನೂ ದಾರೀಲಿದ್ದಾರೆ.” ಕಣ್ಣು ಒರೆಸಿಕೊಂಡಳು. “ಮತ್ತೆ ನಿಮಗೆ ಏನಂತ ಹೇಳ್ಲಿ ನೊಂಗ್? ನಿಮ್ಮ ಹೆಂಡ್ತೀನ ಕಳಿಸಿಕೊಟ್ಟ ದಾರೀಲೇ ತಪ್ಪಾಗಿದೆ ಅಂತಲಾ? ಬಾಯಿ ಬರ್ಲಿಲ್ಲ. ಇಪ್ಪತ್ತಮೂರು ಕಳೀಲಿ, ಇಪ್ಪತ್ತನಾಲ್ಕಕ್ಕೆ ಬೆಳಿಗ್ಗೆನೇ ನಾನೇ ಅಳಿಸಿ, ತಾನಾಗೇ ಸರಿಹೋಯ್ತು ಅನ್ನೋಣ ಅಂತಿದ್ದೆ. ನಡುವೆ ನೀವು ದಾಖಲೆ ತೆಗೆಸಿಬಿಟ್ರಿ.”

“ನಿನ್ನ ನೇಮಕ?”

“ಹೋದ್ರೆ ಹೋಗ್ಲಿ. ತಂಗಿ ಅಂಗಡೀಲಿ ಕೂರ್ತೀನಿ.” ನಗಲು ನೋಡಿದಳು. “ಮಂಡಿಗಾದ್ರೂ ಆರಾಮ.”

ನಾನು ಏನು ಹೇಳಿದೆನೋ ನೆನಪಿಲ್ಲ. ಬೈದೆ ಅನ್ನಿಸುತ್ತದೆ. ಹುಡುಗಿಯರು ಮೂರು ವಾರ ತಡವಾಗಿ ಪಾಠ ಕೇಳಿದರಲ್ಲ ಎಂದೆ. ಒಂದೇ ದಿನ ತಡ, ಮೂರು ವಾರ ಅಲ್ಲ ಎಂದು ತಿದ್ದಿದಳು.

ಅವಳು ಪರದೆಯ ಮೇಲೆ ಆ ಸಾಲು ತಂದು ಕುರ್ಚಿ ಬಿಟ್ಟು ಎದ್ದಳು. “ನೀವೇ ಒತ್ತಿ ನೊಂಗ್.” ಅಂಕಿಗಳು, ಚುಕ್ಕೆಗಳು, ಕೊನೆಯಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರ, ಪಿ ಇ ಟಿ ಎ. ಪಕ್ಕದಲ್ಲಿ ಬಿಸಾಡಿದ ಪ್ಯಾಕೆಟ್ಟುಗಳ ಲೆಕ್ಕ ತೆರೆದು ನೋಡಿದೆ. ನಾಲ್ಕು ಕೋಟಿಗೂ ಮಿಕ್ಕಿತ್ತು. ನಾಲ್ಕು ಕೋಟಿ ಸಲ ಬಾಗಿಲವರೆಗೆ ಬಂದಿವೆ. ನಾಲ್ಕು ಕೋಟಿ ಸಲವೂ ಈ ರೂಟರು, ನಿನ್ನ ಯಜಮಾನರ ಮನೆ ಆ ಕಡೆ, ನೀನು ಈ ಕಡೆಯಿಂದ ಬಂದೆ, ಹೋಗು ಎಂದಿದೆ. ಯಾವ ತಪ್ಪೂ ಮಾಡಿರಲಿಲ್ಲ ಪಾಪ. ಸರಿಯಾದ ದಾರಿಯಲ್ಲೇ ಬಂದಿದ್ದವು. ತಪ್ಪಿದ್ದದ್ದು ಇದರ ತಲೆಯಲ್ಲಿ.

ಬೆರ್ತಾ ಕಿಟಕಿಯ ಕಡೆ ತಿರುಗಿ ನಿಂತಳು. ಅಳಿಸಿದೆ.

ಗೋಡೆಯಾಚೆ ಸಭಾಂಗಣದಲ್ಲಿ ಗದ್ದಲ. ಹೋಗಿ ನೋಡಿದರೆ ಪರದೆಯ ತುಂಬ ಪಾಠ ಹೇಳುವ ಮೇಡಂ ಗ್ರೇಸಿಲ್ಡಾ, ಮಾತಿನ ನಡುವಿನಿಂದಲೇ ಶುರುವಾಗಿದ್ದರು. ಹಲಗೆಯ ಮೇಲೆ ದಪ್ಪನೆ ಒಂದು ತೋಳು ಬರೆದು, ಸೂಜಿ ಇಲ್ಲಿ, ಇಲ್ಲಿ ಅಲ್ಲ, ಎನ್ನುತ್ತಿದ್ದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಒಬ್ಬಳು ಮಾತ್ರ ಮುಖ ಗಂಟಿಕ್ಕಿ, “ಡಿಸ್ಕೇ ಚೆನ್ನಾಗಿತ್ತು, ಬೇಜಾರಾದ್ರೆ ನಿಲ್ಲಿಸ್ಬಹುದಿತ್ತು” ಎಂದಳು.

ಸಲೋಮೆ ಎಲ್ಲರಿಗೂ ಮನಾಂಗ್, ಅಕ್ಕ; ನೋಡದೆ ಬರಲಾದೀತೇ. ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಟ್ಯಾಬ್ಲೆಟ್ ತೊಡೆಯ ಮೇಲೆ, ಖಾಲಿ.

“ಬೆರ್ತಾನ ಬೈಬೇಡ ದುಲೊ. ಬಂದು ನನ್ನ ಕೇಳಿದ್ಲು. ಹೆಸರಿದೆ ಮನಾಂಗ್, ಏನು ಮಾಡ್ಲಿ ಅಂತ. ನಲವತ್ತು ಆಗ್ಲಿ ಬಿಡು ಅಂದೋಳು ನಾನೇ. ನನಗೇನು ಗೊತ್ತು ನಿನ್ನ ತಂತಿ ವಿಷಯ?”

“ಅಳಿಸಿದೆ ಮನಾಂಗ್. ಎರಡು ದಿನ ಮುಂಚೆನೇ.”

ಅವಳು ನನ್ನ ಅಂಗಿಯ ಕಾಲರು ಮುಟ್ಟಿ ನೋಡಿದಳು. “ಇದನ್ನ ಪೆತಾನೇ ತಿರುಗಿಸಿ ಹೊಲಿದಿದಾಳೆ. ಸವೆದ ಕಡೆ ಒಳಗೆ ಹಾಕಿ. ಅವಳ ಕೈ ಗೊತ್ತಾಗುತ್ತೆ.”

ಎರಡು ಗಂಟೆಯ ದೋಣಿಗೆ ಹಿಂತಿರುಗಿ ನೇರ ವಿಯಾರೆಲ್ ಕೋಣೆಗೆ ಹೋದೆ. ಬರೆದುಕೊಂಡೇ ಹೋಗಿದ್ದೆ, ದೋಣಿಯಲ್ಲಿ, ಮೊಣಕಾಲ ಮೇಲೆ. ಬರೆಸಿದ್ದು ನಾನು, ಬೆರಳು ಮಾತ್ರ ಬೆರ್ತಾಳದು. ಕಾಲೇಜಿನ ದಾರಿಯನ್ನು ಸ್ವಂತಕ್ಕೆ ಬಳಸಿದೆ, ಅಳಿಸಲು ಮರೆತೆ. ಶುಕ್ರವಾರ ಗೊತ್ತಿದ್ದೂ ಸುಮ್ಮನಿದ್ದೆ. ಈ ಕೊನೆಯ ಸಾಲನ್ನು ಹೊಡೆದು ಹಾಕಿ, ಮತ್ತೆ ಬರೆದಿದ್ದೆ.

ವಿಯಾರೆಲ್ ಎರಡು ಸಲ ಓದಿದರು. “ಇದನ್ನ ನಾನು ಓದಿಲ್ಲ ಅಂತ ಅಂದ್ಕೋಬಹುದು ನೊಂಗ್.”

“ಓದಿದ್ದೀರಿ ಅಂತಲೇ ಅಂದ್ಕೊಳ್ಳಿ.”


ಅಕ್ಟೋಬರ್ 22, ಮಂಗಳವಾರ

ಬೆರ್ತಾಳ ಇಪ್ಪತ್ತೊಂಬತ್ತನೆಯ ಪತ್ರಕ್ಕೆ ಸಹಿಯಾಯಿತು. ನನ್ನದು ಡಿಸೆಂಬರಿಗೆ ಮುಗಿಯುತ್ತದೆ, ಮುಂದುವರಿಕೆ ಇಲ್ಲ. ವಿಯಾರೆಲ್ ಕೈ ಕುಲುಕಿದರು, ಅವರ ಕಣ್ಣೇ ನೆಲ ನೋಡುತ್ತಿತ್ತು.

ಬೆರ್ತಾ ಫೋನಿನಲ್ಲಿ ಅತ್ತಳು. ನಂತರ ಬೈದಳು. ನಾಳೆ ಪ್ರಾರ್ಥನೆಗೆ ಶಾವಿಗೆ ಎಷ್ಟು ಜನಕ್ಕೆ ಮಾಡಿಸಬೇಕು ಎಂದು ಆಮೇಲೆ ಕೇಳಿದಳು.


ಅಕ್ಟೋಬರ್ 24, ಗುರುವಾರ

ನಿನ್ನೆ ನಲವತ್ತು ಆಯಿತು. ಪ್ರಾರ್ಥನೆಗೆ ಮೂವತ್ತು ಜನ. ಫ್ಲೊರಿಂಡಾ ಎರಡು ತಟ್ಟೆ ಬನ್ನು ತಂದಳು, ತನ್ನ ವಯಸ್ಸು ಅರವತ್ತೆಂಟೆಂದು ಪಾದ್ರಿಯವರಿಗೂ ಹೇಳಿದಳು. ಬೆರ್ತಾ ಶಾವಿಗೆ ತಂದಳು. ಸಲೋಮೆಗೆ ಟ್ಯಾಬ್ಲೆಟ್ಟಿನಲ್ಲಿ ತೋರಿಸಿದೆವು, ಕೇಬಲಿನ ಮೇಲೆಯೇ. ನಡುನಡುವೆ ನಿಂತಿತು. ನಿಂತಾಗ ಕಾದೆವು.

ಇವತ್ತು ಕೆಲಸ ಮುಗಿಸಿ ಸ್ಮಶಾನಕ್ಕೆ ಹೋದೆ. ನವೆಂಬರ್ ಒಂದಕ್ಕೆ, ಸತ್ತವರ ಹಬ್ಬಕ್ಕೆ, ಊರೆಲ್ಲ ಅಲ್ಲಿಗೆ ಬರುತ್ತದೆ, ಅಷ್ಟರಲ್ಲಿ ಗೋರಿಗೆ ಸುಣ್ಣ ಬಳಿಸಬೇಕು. ಕೆಲಸದವನನ್ನು ಗೊತ್ತುಮಾಡಿ ನೇರ ಮನೆಗೆ ಬಂದೆ. ಇನ್ನೂ ಬೆಳಕಿತ್ತು. ಅಲ್ಲಿಂದ ನಮ್ಮ ಮನೆಗೆ ಹನ್ನೊಂದೇ ನಿಮಿಷ, ನನಗೆ ಗೊತ್ತೇ ಇರಲಿಲ್ಲ. ಬಾಗಿಲು ತೆಗೆದು, ಸ್ವಲ್ಪ ಹೊತ್ತು ಹಾಗೇ ತೆರೆದಿಟ್ಟೆ.

ಸೊಳ್ಳೆ ಬಂದವು. ಮುಚ್ಚಿದೆ.

ಅಕ್ಕಿ ತೊಳೆಯುವಾಗ ಆ ಪದ ನೆನಪಾಯಿತು: ಸಫಿಷಿಯಂಟ್. ನೆಸೆಸರಿ ಬಟ್ ನಾಟ್ ಸಫಿಷಿಯಂಟ್. ಹೇಳಲು ಯಾರೂ ಇರಲಿಲ್ಲ, ಇಲ್ಲಿ ಬರೆದಿದ್ದೇನೆ.

ಮನೆ ಗುಡಿಸಿದೆ. ಹೊಲಿಗೆ ಯಂತ್ರದ ಕೆಳಗೆ ಹನ್ನೊಂದು ಗುಂಡುಸೂಜಿ ಸಿಕ್ಕವು, ಅವಳ ಕೊನೆಯ ಅಳತೆಯ ಪುಟಕ್ಕೆ ಚುಚ್ಚಿಟ್ಟಿದ್ದೇನೆ. ಡಿವಿನಾಳ ಮಗಳ ಲಂಗದ ಉಳಿದರ್ಧ ಮಡಿಕೆಯನ್ನು ಕೈಯಿಂದಲೇ ಹೊಲಿದೆ. ಅವಳ ಅರ್ಧ ಎಲ್ಲಿ ಮುಗಿಯಿತು, ನನ್ನದು ಎಲ್ಲಿ ಶುರುವಾಯಿತು ಎಂದು ಯಾರು ನೋಡಿದರೂ ಗೊತ್ತಾಗುತ್ತದೆ. ಒಳಮಡಿಕೆ ಜಾಸ್ತಿಯೇ ಬಿಟ್ಟಿದ್ದೇನೆ.

ಬೆಳಿಗ್ಗೆಗೆ ಬನ್ನಿಲ್ಲ. ತರುವುದು ಮರೆತೇಹೋಯಿತು.